ಫ್ರಾನ್ಸಿನ ಹಳ್ಳಿಗಳಲ್ಲಿ ಸೈಕಲ್: ಏಳು ದಿನ ಇದೆ, ಮೊಣಕಾಲು ಮೂರೂವರೆ ಇದೆ

ಮೊದಲಸವಾರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಮೈಸೂರಿನವರು. ಮಗಳು ಲಿಯೋನ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರಿನಲ್ಲಿ ಅವಳನ್ನು ನೋಡಿಕೊಂಡು ಬರಲು ಹೊರಟಿದ್ದೇವೆ. ಮಧ್ಯೆ ಒಂದು ವಾರ ಅವಳಿಗೆ ಕ್ಲಾಸು. ಆ ಏಳು ದಿನ ಅವಳ ರೂಮಿನಲ್ಲಿ ಕೂತು ಪಾತ್ರೆ ತೊಳೆಯುವ ಬದಲು ನಾವಿಬ್ಬರೇ ಹಳ್ಳಿ ಕಡೆ ಹೋಗಿ ಸೈಕಲ್ ಹೊಡೆಯೋಣ ಅಂತ ಆಸೆ. ಹಳೇ ಕಟ್ಟಡ, ಕಾಡು, ಹಳ್ಳಿ, ಮೂರೂ ಬೇಕು. ನಾನು ಹಾಕಿಕೊಂಡ ಪಟ್ಟಿ ಹೀಗಿದೆ: ಲ್ವಾರ್ ನದಿಯ ಅರಮನೆಗಳು, ಮೋಂ ಸೇಂ ಮಿಷೆಲ್ ಅನ್ನುವ ದ್ವೀಪದ ಮಠ, ಲಾಸ್ಕೋ ಗುಹೆಯ ಚಿತ್ರಗಳು, ಕೊನೆಗೆ ಪ್ರೊವಾನ್ಸಿನ ಲ್ಯಾವೆಂಡರ್ ಹೊಲ.

ಇಬ್ಬರಿಗೂ ಐವತ್ತು ದಾಟಿದೆ. ಯಜಮಾನರ ಎಡ ಮೊಣಕಾಲು ಅರ್ಧ ದಿನ ಕೆಲಸ ಮಾಡುತ್ತದೆ, ಇನ್ನರ್ಧ ದಿನ ರಜೆ. ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಆದೀತು. ಏರು ಬೇಡ. ದಯವಿಟ್ಟು ತಿಳಿದವರು ಹೇಳಿ.

ಹಳೇಪೆಡಲ್

ಮೇಡಂ, ನಿಮ್ಮ ಪಟ್ಟಿ ಚೆನ್ನಾಗಿದೆ. ಏಳು ದಿನದ್ದಲ್ಲ, ಏಳು ವಾರದ್ದು. ಸೈಕಲ್ ಮೇಲಂತೂ ಅಲ್ಲವೇ ಅಲ್ಲ, ಏಳೂ ದಿನ ರೈಲಿನ ಕಿಟಕಿಯಲ್ಲೇ ಕಳೆಯುತ್ತೀರಿ. ಇನ್ನೆರಡು ಮಾತು. ಲ್ಯಾವೆಂಡರನ್ನು ಜುಲೈ ಆಗಸ್ಟಿನಲ್ಲೇ ಕೊಯ್ದು ಮುಗಿಸುತ್ತಾರೆ, ನಿಮಗೆ ಸಿಗುವುದು ಕೂಳೆ. ಲಾಸ್ಕೋದ ನಿಜವಾದ ಗುಹೆ 1963ರಲ್ಲೇ ಜನರಿಗೆ ಬಂದ್ ಆಯಿತು. ಈಗ ತೋರಿಸುವುದು ಅಚ್ಚುಕಟ್ಟಾಗಿ ಮಾಡಿದ ನಕಲು. ನಕಲೂ ಚೆನ್ನಾಗಿದೆ, ಆದರೆ ಗೊತ್ತಿದ್ದು ಹೋಗಿ.

ನನ್ನ ಸಲಹೆ ಒಂದೇ. ಒಂದು ಕಣಿವೆ ಹಿಡಿಯಿರಿ. ಅದನ್ನೇ ಒಂದು ವಾರ ನೋಡಿ.

ಲಿಯೋನಿನಲೊಬ್ಬ

ಹಳೇಪೆಡಲ್ ಅವರು ಹೇಳಿದ್ದು ಸರಿ. ಕಣಿವೆ ಯಾವುದು ಅಂತ ನಾನು ಹೇಳುತ್ತೇನೆ. ದಕ್ಷಿಣ ಬರ್ಗಂಡಿ. ಲಿಯೋನ್‌ನಿಂದ ಉತ್ತರಕ್ಕೆ ಟಿಇಆರ್ ಅನ್ನುವ ಪ್ರಾದೇಶಿಕ ರೈಲು ಹೋಗುತ್ತದೆ: ಮಾಕೋಂ, ತೂರ್ನು, ಶಾಲೋಂ, ಆಮೇಲೆ ದಿಜೋಂ. ನಮ್ಮ ಪ್ಯಾಸೆಂಜರ್ ಗಾಡಿ ಇದ್ದ ಹಾಗೆ, ಆದರೆ ಚೊಕ್ಕ. ಸೈಕಲ್ ನೇತುಹಾಕಲು ಡಬ್ಬಿಯಲ್ಲಿ ಕೊಕ್ಕೆ ಇರುತ್ತದೆ. ಟಿಜಿವಿ ಅನ್ನುವ ಅತಿವೇಗದ ರೈಲಿನಲ್ಲಾದರೆ ಸೈಕಲ್‌ಗೆ ಬೇರೆ ಟಿಕೆಟ್ ಕಾದಿರಿಸಬೇಕು, ಎಲ್ಲ ಗಾಡಿಯಲ್ಲೂ ಜಾಗ ಇರುವುದಿಲ್ಲ. ಸುಮ್ನೆ ಟಿಇಆರ್ ಹಿಡಿಯಿರಿ.

ಶಾಲೋಂನಲ್ಲಿ ಇಳಿಯಿರಿ. ಅಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಜಿವ್ರಿ ಅನ್ನುವ ದ್ರಾಕ್ಷಿ ಊರು. ಜಿವ್ರಿಯಿಂದ ಕ್ಲುನಿವರೆಗೆ 44 ಕಿಲೋಮೀಟರ್ ಹಳೇ ರೈಲು ಹಾದಿ ಇದೆ. ರೈಲು ನಿಂತು ಎಷ್ಟೋ ವರ್ಷವಾದ ಮೇಲೆ ಹಳಿ ಕಿತ್ತು ಟಾರು ಹಾಕಿ 1997ರಲ್ಲಿ ಸೈಕಲ್ ಹಾದಿ ಮಾಡಿದರು. ಇದನ್ನು ವುವಾ ವೆರ್ತ್ ಅನ್ನುತ್ತಾರೆ, ಹಸಿರು ಹಾದಿ ಅಂತ. ಫ್ರಾನ್ಸಿನ ಮೊದಲ ಹಸಿರು ಹಾದಿ ಇದೇ. ಕಾರಿಲ್ಲ, ಬೈಕಿಲ್ಲ. ಉಗಿಬಂಡಿ ಕಡಿದಾದ ಏರು ಹತ್ತಲಾರದು, ಅದಕ್ಕೇ ಆ ಕಾಲದವರು ಗುಡ್ಡ ಕಡಿದು, ಕಣಿವೆ ತುಂಬಿ ಹಾದಿಯನ್ನು ಸಪಾಟು ಮಾಡಿದ್ದರು. ಆ ಪುಣ್ಯ ಈಗ ನಿಮ್ಮ ಯಜಮಾನರ ಮೊಣಕಾಲಿಗೆ.

ಕ್ಲುನಿ ದಾಟಿ ಮುಂದೆ ಹೋದರೆ ಮಾಕೋಂ ಪಕ್ಕದ ಶಾರ್ನೆವರೆಗೂ ಹಾದಿ ಉಂಟು. ಮಧ್ಯೆ ಬುವಾ ಕ್ಲೇರ್ ಅನ್ನುವ 1.6 ಕಿಲೋಮೀಟರ್ ಸುರಂಗ. ಬೇಸಿಗೆಯಲ್ಲೂ ಒಳಗೆ ಫ್ರಿಜ್ ಬಾಗಿಲು ತೆಗೆದ ಹಾಗಿರುತ್ತದೆ, ಸ್ವೆಟರ್ ಮೇಲೇ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಬಾವಲಿಗಳು ಮಲಗುತ್ತವೆ ಅಂತ ಸುರಂಗ ಮುಚ್ಚುತ್ತಾರೆ. ಸೆಪ್ಟೆಂಬರಿನಲ್ಲಿ ತೆರೆದಿರುತ್ತದೆ.

ಮಾಕೋಂನಿಂದ ಶಾಲೋಂಗೆ ವಾಪಸ್ ಬರಲು ಸೋನ್ ನದಿಯ ದಂಡೆಯಲ್ಲಿ ಇನ್ನೊಂದು ಹಾದಿ ಇದೆ, ಹೆಸರು ನೀಲಿ ಹಾದಿ. ಹಸಿರಲ್ಲಿ ಹೋಗಿ ನೀಲಿಯಲ್ಲಿ ಬನ್ನಿ. ಸುತ್ತು ಸುಮಾರು 140 ಕಿಲೋಮೀಟರ್. ಏಳು ದಿನಕ್ಕೆ ಧಾರಾಳ.

ಬೆಂಗ್ಳೂರುಗಾಳಿ

ಅಷ್ಟು ದುಡ್ಡು ಹಾಕಿ ಫ್ರಾನ್ಸಿಗೆ ಹೋಗಿ, ರೈಲು ನಿಂತು ಹೋದ ಹಾದಿ ನೋಡಬೇಕಾ? ಲ್ವಾರ್ ಹಾದಿಯೂ ಸಪಾಟೇ. ಶಾಂಬೋರ್, ಶೆನೊಂಸೋ ಥರದ ಅರಮನೆಗಳು ಹಾದಿಯಲ್ಲೋ ಹತ್ತಿರದಲ್ಲೋ ಸಿಗುತ್ತವೆ. ಮೊದಲ ಸಲ ಹೋಗುವವರಿಗೆ ಅದನ್ನೇ ಹೇಳಬೇಕಲ್ವಾ?

ಹಳೇಪೆಡಲ್

ಲ್ವಾರ್ ಕೆಟ್ಟದ್ದು ಅಂತ ಯಾರೂ ಹೇಳಲಿಲ್ಲ, ಸ್ವಾಮಿ. ನಾನೂ ಹೋಗಿದ್ದೇನೆ. ಅಲ್ಲಿ ದಿನಕ್ಕೊಂದು ಅರಮನೆ, ಮೂರನೇ ದಿನಕ್ಕೆ ಎಲ್ಲವೂ ಒಂದೇ ಥರ ಕಾಣುತ್ತದೆ. ಟಿಕೆಟ್ ಕ್ಯೂ ಬೇರೆ. ಅವರು ಹಳ್ಳಿ ಕೇಳಿದ್ದಾರೆ. ಲಿಯೋನ್‌ನಿಂದ ಹತ್ತಿರ ಯಾವುದು ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಕಲ್ಲುಕಂಬ

ಈ ಹಾದಿಯಲ್ಲಿ ನೋಡುವುದಕ್ಕೆ ಏನಿದೆ ಅಂತ ಕೇಳಿದವರಿಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ಲುನಿ ಮಠ ಶುರುವಾದದ್ದು 910ರಲ್ಲಿ. 1088ರಲ್ಲಿ ಅಲ್ಲಿ ಕಟ್ಟಲು ತೊಡಗಿದ ಮೂರನೇ ಚರ್ಚು ಮುಗಿದಾಗ 187 ಮೀಟರ್ ಉದ್ದ ಇತ್ತು. ರೋಮಿನಲ್ಲಿ ಈಗಿನ ಸಂತ ಪೀಟರನ ಚರ್ಚು ಏಳುವ ತನಕ ಕ್ರೈಸ್ತ ಲೋಕದಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. ಯೂರೋಪಿನ ತುಂಬಾ ನೂರಾರು ಮಠಗಳು ಕ್ಲುನಿಯ ಮಾತು ಕೇಳುತ್ತಿದ್ದವು. ಆಮೇಲೆ ಫ್ರೆಂಚ್ ಕ್ರಾಂತಿ ಬಂತು, ಸನ್ಯಾಸಿಗಳನ್ನು ಓಡಿಸಿದರು, 1798ರಲ್ಲಿ ಕಟ್ಟಡ ಮಾರಿದರು. ಕೊಂಡವರು ಅದನ್ನು ಕಲ್ಲುಗಣಿ ಮಾಡಿಕೊಂಡರು. ಸಿಡಿಮದ್ದಿಟ್ಟು ಬೀಳಿಸಿ, ಇಪ್ಪತ್ತೈದು ವರ್ಷ ಕಲ್ಲು ಮಾರಿದರು. ಆ ದೊಡ್ಡ ಚರ್ಚಿನಲ್ಲಿ ಈಗ ನೂರಕ್ಕೆ ಹತ್ತರಷ್ಟೂ ಉಳಿದಿಲ್ಲ.

ಉಳಿದಿರುವುದು ಶಿಲುಬೆ ಆಕಾರದ ಆ ಚರ್ಚಿನ ದಕ್ಷಿಣದ ಒಂದು ತೋಳು, ಅದರ ಮೇಲಿನ ಎಂಟು ಮೂಲೆಯ ಗಂಟೆಗೋಪುರ. ಹೋದವರು ಎಲ್ಲರೂ ನೇರ ಗೋಪುರದ ಕೆಳಗೆ ನಿಂತು ಫೋಟೋ ಹೊಡೆಯುತ್ತಾರೆ. ಹಾಗೆ ಮಾಡಬೇಡಿ. ಮೊದಲು ಪಶ್ಚಿಮದ ಹಳೇ ಬಾಗಿಲಿದ್ದ ಜಾಗದಲ್ಲಿ ನಿಲ್ಲಿ, ಅಲ್ಲಿ ಕಂಬಗಳ ಬುಡ ಮಾತ್ರ ಇದೆ. ಅಲ್ಲಿಂದ ಗೋಪುರ ನೋಡಿ. ಎಷ್ಟು ದೂರ, ಎಷ್ಟು ಸಣ್ಣದು! ಆ ದೂರ ಪೂರ್ತಿ ಒಂದು ಸೂರಿನ ಕೆಳಗಿತ್ತು. ಈಗ ಮಧ್ಯದಲ್ಲಿ ಬೀದಿ ಇದೆ, ಮನೆ ಇದೆ. ಪಕ್ಕದಲ್ಲಿ ನೆಪೋಲಿಯನ್ ಕಾಲದಲ್ಲಿ ಶುರುವಾದ ಸರ್ಕಾರಿ ಕುದುರೆ ಲಾಯ ಇದೆ, ಅದನ್ನು ಕಟ್ಟಿದ್ದು ಇದೇ ಚರ್ಚಿನ ಕಲ್ಲಿನಲ್ಲಿ. ಶ್ರೀರಂಗಪಟ್ಟಣದ ಲಾಲ್ ಮಹಲಿನ ಮರ ಊಟಿಯ ಚರ್ಚಿಗೆ ಹೋಯಿತಲ್ಲ, ಅದರ ನೆನಪಾಯಿತು ನನಗೆ.

ಕ್ಲುನಿ ಬಿಟ್ಟರೆ ಹಾದಿ ಪಕ್ಕದಲ್ಲೇ ಕೊರ್ಮಾತ್ಯಾಂ ಅರಮನೆ. ಸುತ್ತ ನೀರು, 17ನೇ ಶತಮಾನದ ಬಣ್ಣದ ಕೋಣೆಗಳು. ಅದರ ಹತ್ತಿರ ಶಾಪೇಜ್ ಅನ್ನುವ ಪುಟ್ಟ ಊರಿನಲ್ಲಿ 11ನೇ ಶತಮಾನದ ಚರ್ಚು. ಊರಿನಲ್ಲಿ ಮನೆ ಎಣಿಸಬಹುದು, ಗೋಪುರ ಮಾತ್ರ ಮೈಲಿ ದೂರಕ್ಕೆ ಕಾಣುತ್ತದೆ. ಸುರಂಗದ ಆಚೆ ಬೆರ್ಜೆ ಲಾ ವಿಲ್ ಅಂತ ಇದೆ. ಅಲ್ಲಿ ಸನ್ಯಾಸಿಗಳ ಒಂದು ಚಿಕ್ಕ ಪ್ರಾರ್ಥನಾ ಮಂದಿರ, ಗೋಡೆ ಮೇಲೆ 12ನೇ ಶತಮಾನದ ಚಿತ್ರ. ಕ್ಲುನಿಯ ಒಳಗಡೆ ಎಂಥ ಬಣ್ಣ ಇದ್ದೀತು ಅಂತ ಊಹಿಸಲು ಇದೇ ದಾರಿ.

ಮೊದಲಸವಾರಿ

ಅಬ್ಬಾ, ಇಷ್ಟೊಂದು ಉತ್ತರ! ಯಜಮಾನರಿಗೆ ಓದಿ ಹೇಳಿದೆ. ಸುರಂಗ ಅಂದ ಕೂಡಲೇ ಒಪ್ಪಿಬಿಟ್ಟರು. ಆದರೆ ಕಾಡು ಎಲ್ಲಿ? ದ್ರಾಕ್ಷಿ, ಮಠ, ಚರ್ಚು ಬಂತು. ಕಾಡಿನ ಬಗ್ಗೆ ಯಾರೂ ಹೇಳಲಿಲ್ಲ.

ಕಾಡುಹಾದಿ

ಶಿರಸಿ ಕಡೆಯವ ನಾನು. ಎರಡು ವರ್ಷ ದಿಜೋಂನಲ್ಲಿದ್ದೆ. ಕಾಡಿನ ವಿಷಯಕ್ಕೆ ನಾನು ಸ್ವಲ್ಪ ತಕರಾರಿನವನು, ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಾನಿನ ಲೆಕ್ಕದಲ್ಲಿ ಹೋದರೆ ಅಲ್ಲಿನ ಕಾಡು ಬೇಸರ ತರಿಸುತ್ತದೆ. ಮೊದಲು ಹೊಡೆಯುವುದು ಮೌನ. ಜೀರುಂಡೆ ಇಲ್ಲ. ಬಳ್ಳಿ ಕಾಲಿಗೆ ತೊಡರುವುದಿಲ್ಲ. ಮರಗಳ ಮಧ್ಯೆ ಬೆಳಕು ಸೀದಾ ನೆಲಕ್ಕೆ ಬೀಳುತ್ತದೆ. ಓಕ್, ಬೀಚ್, ಹಾರ್ನ್‌ಬೀಮ್, ಮುಗಿಯಿತು. ಇದೇನು ಕಾಡೋ ತೋಟವೋ ಅನ್ನಿಸಿತ್ತು. ಅರ್ಧ ನಿಜ ಕೂಡ. ಫ್ರಾನ್ಸಿನ ಕಾಡಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಖಾಸಗಿಯವರದ್ದು. ಶತಮಾನಗಳಿಂದ ಲೆಕ್ಕ ಹಾಕಿ ಕಡಿದು, ಬೆಳೆಸಿ, ಮತ್ತೆ ಕಡಿದ ಕಾಡು ಅದು.

ಇದು ಅರ್ಥವಾದದ್ದು ಮೊರ್ವಾಂಗೆ ಹೋದ ಮೇಲೆ. ಬರ್ಗಂಡಿಯ ಮಧ್ಯದ ಗುಡ್ಡನಾಡು ಅದು. ಪ್ಯಾರಿಸಿನ ಒಲೆಗಳು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಉರಿದದ್ದು ಇಲ್ಲಿಯ ಸೌದೆಯಲ್ಲಿ. ಚಳಿಗಾಲದಲ್ಲಿ ಕಡಿದು, ತುಂಡು ಮಾಡಿ, ಪ್ರತಿ ತುಂಡಿನ ತುದಿಗೆ ಧಣಿಯ ಗುರುತನ್ನು ಸುತ್ತಿಗೆಯಿಂದ ಒತ್ತಿ ಹಳ್ಳಕ್ಕೆ ಎಸೆಯುತ್ತಿದ್ದರು. ಕೆರೆಯ ತೂಬು ತೆಗೆದರೆ ನೀರು ನುಗ್ಗಿ ಸೌದೆಯನ್ನು ಯೋನ್ ನದಿಗೆ ತಳ್ಳುತ್ತಿತ್ತು. ಕ್ಲಾಮ್ಸಿ ಅನ್ನುವ ಊರಿನಲ್ಲಿ ಗುರುತು ನೋಡಿ ವಿಂಗಡಿಸಿ, ತೆಪ್ಪ ಕಟ್ಟಿ, ಪ್ಯಾರಿಸಿಗೆ ತೇಲಿಸುತ್ತಿದ್ದರು. ಸೆತ್ತೋಂ ಅನ್ನುವ ಸರೋವರಕ್ಕೆ ಈಗ ಜನ ದೋಣಿ ಆಡಲು ಹೋಗುತ್ತಾರೆ. ಅದರ ಅಣೆಕಟ್ಟು ಕಟ್ಟಿದ್ದೇ ಸೌದೆ ತೇಲಿಸಲಿಕ್ಕೆ.

ಈಗ ಅಲ್ಲಿ ಬೇರೆ ಜಗಳ. ಬೀಚ್ ಕಡಿದು ಡಗ್ಲಸ್ ಫರ್ ಅನ್ನುವ ಅಮೆರಿಕದ ಮರ ನೆಡುತ್ತಾರೆ. ಬೇಗ ಬೆಳೆಯುತ್ತದೆ, ಬೇಗ ದುಡ್ಡು. ಗುಡ್ಡಕ್ಕೆ ಗುಡ್ಡವೇ ಬೋಳಿಸಿದ್ದನ್ನು ಕಂಡು ಊರವರು ತಿರುಗಿ ಬಿದ್ದಿದ್ದಾರೆ. ಕೆಲವರು ಷೇರು ಹಾಕಿ ದುಡ್ಡು ಒಟ್ಟು ಮಾಡಿ ಕಾಡನ್ನೇ ಕೊಂಡು ಉಳಿಸಿಕೊಂಡಿದ್ದಾರೆ. ಅಕೇಶಿಯಾ, ನೀಲಗಿರಿ ನೋಡಿದವರಿಗೆ ಈ ಕಥೆ ಹೊಸದಲ್ಲ.

ಮೇಡಂ, ನಿಮಗೆ ಒಂದೇ ಕಾಡು ಹೇಳುವುದಾದರೆ ಬೋವ್ರೆ ಬೆಟ್ಟ. 821 ಮೀಟರ್. ಸೈಕಲ್ ಬೇಡ, ಓತಾಂ ಊರಿನಿಂದ ಕಾರಿನಲ್ಲಿ ಹೋಗಿ ನಡೆಯಿರಿ. ಆ ಕಾಡಿನ ಕೆಳಗೆ ಒಂದು ಪಟ್ಟಣವೇ ಇದೆ, ಬಿಬ್ರಾಕ್ತ್. ರೋಮನ್ನರಿಗೂ ಮುಂಚೆ ಇಲ್ಲಿದ್ದ ಗಾಲ್ ಜನರಲ್ಲಿ ಎದುಯಿ ಅನ್ನುವ ಕುಲದ ರಾಜಧಾನಿ. ಕ್ರಿ.ಪೂ. 52ರಲ್ಲಿ ಸೀಸರನ ಎದುರು ಗಾಲರೆಲ್ಲ ಒಂದಾಗಿ ವೆರ್ಸಿಂಜೆತೊರಿಕ್ಸನನ್ನು ನಾಯಕ ಅಂತ ಒಪ್ಪಿದ್ದು ಇಲ್ಲೇ. ಗೆದ್ದ ಸೀಸರನೂ ಚಳಿಗಾಲ ಕಳೆದದ್ದು ಇಲ್ಲೇ. ಆಮೇಲೆ ರೋಮನ್ನರು ಕೆಳಗೆ ಓತಾಂ ಕಟ್ಟಿದರು, ಜನ ಬೆಟ್ಟ ಇಳಿದು ಹೋದರು, ಊರನ್ನು ಮರ ನುಂಗಿತು. 1867ರಲ್ಲಿ ಅಗೆಯಲು ಶುರು ಮಾಡಿದವನು ಬ್ಯುಲ್ಯೊ ಅನ್ನುವ ಓತಾಂನ ವೈನ್ ವ್ಯಾಪಾರಿ. ಈಗಲೂ ಬೇಸಿಗೆಯಲ್ಲಿ ಅಗೆಯುತ್ತಾರೆ.

ಅಲ್ಲಿ ಬೆಟ್ಟದ ಮೇಲೆ ಹಳೇ ಬೀಚ್ ಮರಗಳನ್ನು ಹುಡುಕಿ. ಊರವರು ಅವಕ್ಕೆ ಕೋಲ್ ಅನ್ನುತ್ತಾರೆ. ಹಿಂದೆ ಹೊಲದ ಬೇಲಿಗೆ ಅಂತ ಎಳೇ ಗಿಡಗಳನ್ನು ಬಗ್ಗಿಸಿ ಹೆಣೆದಿದ್ದರು. ಬೇಲಿ ನೋಡಿಕೊಳ್ಳುವವರು ಇಲ್ಲವಾದ ಮೇಲೆ ಹೆಣೆದ ಕೊಂಬೆಗಳೇ ಮರವಾಗಿ ಬೆಳೆದಿವೆ. ನೆಲದ ಮೇಲೆ ಆಳುದ್ದ ಅಡ್ಡ ಹೋಗಿ, ಆಮೇಲೆ ಮೇಲೆದ್ದಿವೆ. ಪಾಚಿ ಹಿಡಿದು ಮಲಗಿದ ಎಮ್ಮೆ ಬೆನ್ನಿನ ಹಾಗೆ ಕಾಣುತ್ತದೆ. ಅದನ್ನು ನೋಡಿದ ಮೇಲೆ ನಾನು ತೋಟ ಅನ್ನುವುದನ್ನು ಬಿಟ್ಟೆ.

ಕಲ್ಲುಕಂಬ

ಓತಾಂಗೆ ಹೋದರೆ ಸೇಂ ಲಾಜಾರ್ ಚರ್ಚಿನ ಬಾಗಿಲು ಬಿಡಬೇಡಿ. ಬಾಗಿಲ ಮೇಲೆ 12ನೇ ಶತಮಾನದ ಕಡೇ ತೀರ್ಪಿನ ದಿನದ ಕೆತ್ತನೆ. ಕ್ರಿಸ್ತನ ಕಾಲ ಕೆಳಗೆ 'ಗಿಸ್ಲೆಬೆರ್ತುಸ್ ಇದನ್ನು ಮಾಡಿದ' ಅಂತ ಲ್ಯಾಟಿನ್‌ನಲ್ಲಿ ಬರೆದಿದೆ. ಬೇಲೂರಿನಲ್ಲಿ ಶಿಲ್ಪಿಗಳು ಹೆಸರು ಕೆತ್ತಿಕೊಂಡಿದ್ದನ್ನು ಕಂಡವರಿಗೆ ಖುಷಿಯಾಗುತ್ತದೆ. 1766ರಲ್ಲಿ ಅಲ್ಲಿಯ ಪಾದ್ರಿಗಳಿಗೆ ಈ ಕೆತ್ತನೆ ಒಡ್ಡೊಡ್ಡು ಅನ್ನಿಸಿ, ಗಾರೆ ಮೆತ್ತಿ ಮುಚ್ಚಿಬಿಟ್ಟರು. ಕ್ರಿಸ್ತನ ತಲೆ ಮುಂದಕ್ಕೆ ಚಾಚಿತ್ತು, ಅಡ್ಡ ಬರುತ್ತದೆ ಅಂತ ಅದನ್ನು ಒಡೆದು ತೆಗೆದರು. ಗಾರೆಯ ಒಳಗಿದ್ದದ್ದಕ್ಕೇ ಕ್ರಾಂತಿಯ ಕಾಲದ ಸುತ್ತಿಗೆಯಿಂದ ಬಚಾವಾಯಿತು. 1837ರಲ್ಲಿ ಗಾರೆ ಕಿತ್ತರು. ತಲೆ ಮತ್ತೆ ಕೂತದ್ದು 1948ರಲ್ಲಿ.

ಬೆಂಗ್ಳೂರುಗಾಳಿ

ಸರಿ, ಸೋತೆ. ಲ್ವಾರ್ ಮಾತು ವಾಪಸ್. ಬರ್ಗಂಡಿ ಕಾಲುವೆಯ ಬಗ್ಗೆ ಎಲ್ಲೋ ಓದಿದ್ದೆ. ಅದು ಇದೇ ಕಡೆಯಾ?

ಹಳೇಪೆಡಲ್

ಅದು ಉತ್ತರಕ್ಕೆ. 242 ಕಿಲೋಮೀಟರ್ ಕಾಲುವೆ, 189 ಲಾಕ್ ಗೇಟು, ಅಂದರೆ ನೀರು ತುಂಬಿಸಿ ಬಿಟ್ಟು ದೋಣಿಯನ್ನು ಏರಿಸಿ ಇಳಿಸುವ ಕಟ್ಟೆ. ಕುದುರೆ ದೋಣಿ ಎಳೆಯುತ್ತಿದ್ದ ದಂಡೆಯೇ ಈಗ ಸೈಕಲ್ ಹಾದಿ. ಗೇಟು ಬಂದಲ್ಲಿ ಮಾತ್ರ ನಾಲ್ಕು ತುಳಿತ ಏರು, ಮಿಕ್ಕಿದ್ದೆಲ್ಲ ನೀರಿನ ಮಟ್ಟ. ನಾನು ಮೋಂಬಾರ್‌ನಿಂದ ದಿಜೋಂವರೆಗೆ ಹೊಡೆದಿದ್ದೇನೆ. ಮೋಂಬಾರ್ ಪಕ್ಕದ ಕಾಡಿನ ಕಣಿವೆಯಲ್ಲಿ ಫೋಂತನೆ ಮಠ, 1118ರದ್ದು. ಕ್ಲುನಿ ಬಿದ್ದು ಹೋಯಿತು, ಇದು ಹೆಚ್ಚುಕಡಿಮೆ ಪೂರ್ತಿ ನಿಂತಿದೆ. ಯಾಕೆ ಗೊತ್ತಾ? ಕ್ರಾಂತಿ ಆದ ಮೇಲೆ ಕೊಂಡವರು ಅದನ್ನು ಕಾಗದದ ಕಾರ್ಖಾನೆ ಮಾಡಿದರು. ಕೆಲಸಕ್ಕೆ ಸೂರು ಬೇಕಲ್ಲ, ಒಡೆಯಲಿಲ್ಲ. ಒಳಗೆ ಸನ್ಯಾಸಿಗಳ ಕಮ್ಮಾರಸಾಲೆ ಇದೆ, ಚರ್ಚಿನಷ್ಟೇ ಅಂದ. ನನಗಂತೂ ಚರ್ಚಿಗಿಂತ ಅದೇ ಇಷ್ಟವಾಯಿತು.

ಕಾಲುವೆ ಹತ್ತಿರವೇ ಅಲೇಸಿಯಾ ಬೆಟ್ಟ. ಸೀಸರ್ ಸುತ್ತ ಎರಡು ಸುತ್ತು ಬೇಲಿ ಹಾಕಿ ಗಾಲರನ್ನು ಹಸಿವಿನಿಂದ ಮಣಿಸಿದ ಜಾಗ. ಒಳಗಿನವರು ಹೊರಬರದಂತೆ 15 ಕಿಲೋಮೀಟರ್, ಹೊರಗಿನ ನೆರವು ಒಳಬರದಂತೆ 21 ಕಿಲೋಮೀಟರ್. ಮೇಲೆ 1865ರ ವೆರ್ಸಿಂಜೆತೊರಿಕ್ಸನ ದೊಡ್ಡ ಪ್ರತಿಮೆ. ಮಾಡಿಸಿದವನು ಮೂರನೇ ನೆಪೋಲಿಯನ್. ಮುಖವೂ ಅವನದ್ದೇ ಅಂತ ಜನ ಆಡಿಕೊಳ್ಳುತ್ತಾರೆ. ಆದರೆ ಮೇಡಂ, ಇದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಅನ್ನಸಾರು

ಹೊಟ್ಟೆ ಬಗ್ಗೆ ಯಾರೂ ಮಾತಾಡುತ್ತಿಲ್ಲ! ನಾವು ಸಸ್ಯಾಹಾರಿಗಳು. ಆ ಕಡೆ ಒಂಬತ್ತು ದಿನ ಸುತ್ತಿದ್ದೇವೆ. ಕೇಳಿ.

ಲಾರ್ದೋಂ ಅನ್ನುವ ಪದ ಕಲಿಯಿರಿ. ಹಂದಿಮಾಂಸದ ಚೂರು. ಸಲಾಡಿನಲ್ಲಿ ಇರುತ್ತದೆ, ಕೀಷ್ ಅನ್ನುವ ಮೊಟ್ಟೆಯ ತಿಂಡಿಯಲ್ಲಿ ಇರುತ್ತದೆ. ಬರ್ಗಂಡಿಯವರು ಮೊಟ್ಟೆಯನ್ನು ಕೆಂಪು ವೈನಿನಲ್ಲಿ ಬೇಯಿಸುತ್ತಾರೆ, ಅದರಲ್ಲೂ ಹಾಕುತ್ತಾರೆ. 'ಮಾಂಸ ಇಲ್ಲ' ಅಂದರೆ ಕೆಲವರಿಗೆ ಲಾರ್ದೋಂ ನೆನಪಿಗೇ ಬರುವುದಿಲ್ಲ. ಅದರ ಹೆಸರನ್ನೇ ಹೇಳಿ ಬೇಡ ಅನ್ನಬೇಕು. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಹಳೇ ಪದ್ಧತಿಯ ಚೀಸ್ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ನಿಮಗೆ ನಡೆಯುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ. ನಡೆದರೆ ಗುಜೇರ್ ಅಂತ ಚೀಸ್ ಬೋಂಡಾ ಥರದ್ದು ಸಿಗುತ್ತದೆ, ಬಿಸಿ ಇದ್ದರೆ ಸ್ವರ್ಗ.

ಊಟ ಹನ್ನೆರಡರಿಂದ ಎರಡು. ಎರಡೂಕಾಲಿಗೆ ಹೋದರೆ ಅಡುಗೆಮನೆ ಬಂದ್. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಹಳ್ಳಿಗಳಲ್ಲಿ ನರಪಿಳ್ಳೆ ಅಂಗಡಿ ತೆಗೆಯುವುದಿಲ್ಲ. ಶನಿವಾರ ಬೆಳಿಗ್ಗೆ ಕ್ಲುನಿಯಲ್ಲಿ ಸಂತೆ, ಆವತ್ತೇ ತುಂಬಿಸಿಕೊಳ್ಳಿ. ಉಳಿಯಲು ಜೀತ್ ಹಿಡಿಯಿರಿ, ಅಂದರೆ ಅಡುಗೆಮನೆ ಇರುವ ಬಾಡಿಗೆ ಮನೆ. ಸಾರಿನಪುಡಿ ಒಯ್ದರೆ ಬದುಕಿದಿರಿ.

ನೀರು ಖಾಲಿಯಾದರೆ ಸ್ಮಶಾನ ಹುಡುಕಿ. ನಗಬೇಡಿ. ಸಮಾಧಿ ಮೇಲಿನ ಹೂಗಿಡಕ್ಕೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. 'ನಾನ್ ಪೊತಾಬ್ಲ್' ಅಂತ ಬೋರ್ಡಿದ್ದರೆ ಮಾತ್ರ ಕುಡಿಯಬೇಡಿ.

ಲಿಯೋನಿನಲೊಬ್ಬ

ರಸ್ತೆಯದ್ದು ನಾಲ್ಕು ಮಾತು. ಊರೊಳಗೆ ಬೋರ್ಡು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ಸಂದಿಯಿಂದ ಟ್ರ್ಯಾಕ್ಟರ್ ನುಗ್ಗಿದರೆ ಅವನದ್ದು ತಪ್ಪಲ್ಲ. ಊರಾಚೆ ಕತ್ತಲಾದ ಮೇಲೆ ಹೊಳೆಯುವ ಜಾಕೀಟು ಹಾಕಲೇಬೇಕು, ಕಾನೂನು. ಸೆಪ್ಟೆಂಬರಿನಿಂದ ಬೇಟೆ ಶುರು. ಕಾಡಿನ ಬಾಯಲ್ಲಿ 'ಶಾಸ್' ಅನ್ನುವ ಫಲಕ ಕಂಡರೆ ಬೇರೆ ದಾರಿ ಹಿಡಿಯಿರಿ. ಹುಲ್ಲಿನಲ್ಲಿ ಕೂತೆದ್ದ ಮೇಲೆ ಉಣ್ಣೆ ಹುಳ ಹತ್ತಿದೆಯಾ ನೋಡಿಕೊಳ್ಳಿ, ಅಲ್ಲಿಯ ಉಣ್ಣೆ ಹುಳ ರೋಗ ಹರಡುತ್ತದೆ. ಅಣಬೆ ಕಿತ್ತರೆ ಔಷಧಿ ಅಂಗಡಿಗೆ ಒಯ್ಯಿರಿ. ತಮಾಷೆಯಲ್ಲ, ಅಲ್ಲಿಯ ಫಾರ್ಮಸಿಯವರು ಓದುವಾಗಲೇ ಅಣಬೆ ಗುರುತಿಸುವುದನ್ನು ಕಲಿತಿರುತ್ತಾರೆ. ಇನ್ನೊಂದು, ಸೆಪ್ಟೆಂಬರ್ ಮೂರನೇ ವಾರಾಂತ್ಯ ದೇಶಕ್ಕೆಲ್ಲ ಪರಂಪರೆಯ ದಿನ. ಬೇರೆ ದಿನ ಬೀಗ ಹಾಕಿರುವ ಎಷ್ಟೋ ಮನೆ, ಚರ್ಚು ಅವತ್ತು ತೆರೆಯುತ್ತಾರೆ. ಸಾಧ್ಯವಾದರೆ ಅದಕ್ಕೆ ಹೊಂದಿಸಿಕೊಳ್ಳಿ.

ಮೊದಲಸವಾರಿ

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಂದು ವರದಿ ಕೊಡುತ್ತೇನೆ.

ಮೊದಲಸವಾರಿ

ನಮಸ್ಕಾರ, ವಾಪಸ್ ಬಂದು ಎರಡು ವಾರವಾಯಿತು. ವರದಿ ಕೊಡುತ್ತೇನೆ ಅಂದಿದ್ದೆ, ಕೂತಿದ್ದೇನೆ.

ಶಾಲೋಂನಲ್ಲಿ ಒಂದು ರಾತ್ರಿ. ಬಾಡಿಗೆ ಸೈಕಲ್ ಅಲ್ಲೇ ತೆಗೆದುಕೊಂಡೆವು. ಯಜಮಾನರಿಗೆ ಬ್ಯಾಟರಿಯದ್ದು, ನನಗೆ ಸಾದಾ. ಶಾಲೋಂ ಫೋಟೋಗ್ರಫಿ ಕಂಡುಹಿಡಿದ ನಿಯೆಪ್ಸ್ ಹುಟ್ಟಿದ ಊರು ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಉಳಿದಿರುವ ಮೊದಲ ಫೋಟೋವನ್ನು ಅವನು 1827ರ ಹೊತ್ತಿಗೆ ಪಕ್ಕದ ಹಳ್ಳಿಯ ಮನೆ ಕಿಟಕಿಯಿಂದ ತೆಗೆದನಂತೆ. ಇಲ್ಲಿ ಯಾರೂ ಹೇಳಲಿಲ್ಲ ನೋಡಿ! ಯಜಮಾನರು ಅವನ ಪ್ರತಿಮೆ ಮುಂದೆ ಸೆಲ್ಫಿ ತೆಗೆದುಕೊಂಡರು.

ಜಿವ್ರಿಯಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿತ್ತು. ಊರಿಗೆ ಊರೇ ಹುಳಿ ವಾಸನೆ, ದೋಸೆ ಹಿಟ್ಟು ಉಕ್ಕಿದ ಹಾಗೆ. ಹಾದಿ ನೀವು ಹೇಳಿದ್ದಕ್ಕಿಂತ ಚೆನ್ನಾಗಿದೆ. ಪ್ರತಿ ಊರಿಗೂ ಹಳೇ ರೈಲು ಸ್ಟೇಷನ್ ಇದೆ, ಒಂದರಲ್ಲಿ ಮನೆ, ಇನ್ನೊಂದರಲ್ಲಿ ಕಾಫಿ. ಒಂದು ಊರಿನ ಹೆಸರನ್ನು ನಾನು ಬೋರ್ಡು ನೋಡಿ 'ಬಕ್ಸಿ' ಅಂದೆ, ಕಾಫಿಯವಳು ನಕ್ಕು 'ಬುಸ್ಸಿ' ಅಂತ ತಿದ್ದಿದಳು. ಬರೆಯುವಾಗ ಎಕ್ಸ್, ಹೇಳುವಾಗ ಸ. ಆ ಕಡೆ ಹಾಗೆಯೇ ಅಂತೆ.

ಎರಡನೇ ದಿನ ಸೋಮವಾರ. ಅನ್ನಸಾರು ಅವರು ಎಚ್ಚರಿಸಿದ್ದರು, ನಾವು ಬ್ರೆಡ್ಡಿಗೆ ಮಾತ್ರ ಅನ್ವಯಿಸಿಕೊಂಡೆವು. ಸೇಂ ಜಾಂಗು ದಾಟಿ ಎರಡು ಕಿಲೋಮೀಟರಿಗೆ ನನ್ನ ಹಿಂದಿನ ಚಕ್ರ ಪಂಕ್ಚರ್. ಬಾಡಿಗೆಯವನು ಚೀಲದಲ್ಲಿ ಟ್ಯೂಬು, ಪಂಪು ಕೊಟ್ಟಿದ್ದ. ಚಕ್ರ ಬಿಚ್ಚಿ, ಟೈರು ಕಳಚಿ, ಹೊಸ ಟ್ಯೂಬು ತೂರಿಸಿದರೆ ವಾಲ್ವು ರಿಮ್ಮಿನ ತೂತಿಗೆ ಹೋಗುವುದೇ ಇಲ್ಲ! ತೂತು ಸಣ್ಣದು, ವಾಲ್ವು ದಪ್ಪ, ನಮ್ಮ ಸ್ಕೂಟರಿನದ್ದರ ಹಾಗೆ. ಫೋನ್ ಮಾಡಿದರೆ ಎತ್ತುವವರಿಲ್ಲ, ಸೋಮವಾರ ರಜೆ. ಯಜಮಾನರು ವಾಲ್ವನ್ನು ತಿರುಗಿಸಿ ತಿರುಗಿಸಿ ತೂತಿಗೆ ಒತ್ತುತ್ತಿದ್ದಾರೆ, ಬೇಲಿ ಆಚೆ ಬಿಳೀ ಶಾರೊಲೆ ಹಸುಗಳು ಸಾಲಾಗಿ ನಿಂತು ಅವರನ್ನೇ ನೋಡುತ್ತಿವೆ.

ಅರ್ಧ ಗಂಟೆಗೆ ಎಪ್ಪತ್ತೈದು ದಾಟಿದ ಒಬ್ಬ ಅಜ್ಜ ಸೈಕಲಿನಲ್ಲಿ ಬಂದರು. ಮಾತಿಲ್ಲ ಕಥೆಯಿಲ್ಲ, ಇಳಿದು ಹಳೇ ಟ್ಯೂಬನ್ನೇ ಎತ್ತಿಕೊಂಡು ಕೆನ್ನೆ ಹತ್ತಿರ ಹಿಡಿದು ಗಾಳಿ ಎಲ್ಲಿ ಬರುತ್ತಿದೆ ಅಂತ ಹುಡುಕಿದರು. ನೀರಿಲ್ಲ ಬಕೆಟ್ಟಿಲ್ಲ, ಕೆನ್ನೆಯೇ ಸಾಕು. ಮರಳುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗಲು ಬಿಟ್ಟು, ಅಷ್ಟೂ ಹೊತ್ತು ನಮ್ಮ ಬಾಡಿಗೆಯವನನ್ನು ಬೈದರು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ದುಡ್ಡು ಕೊಡಲು ಹೋದರೆ ಕೈ ಬೀಸಿದರು. ಕೋಡುಬಳೆ ಕೊಟ್ಟೆ. ಒಂದನ್ನು ಕಚ್ಚಿ ನೋಡಿ ಮಿಕ್ಕ ಮೂರನ್ನು ಜೇಬಿಗೆ ಹಾಕಿಕೊಂಡರು.

ಕ್ಲುನಿಯಲ್ಲಿ ಎರಡು ರಾತ್ರಿ. ಕಲ್ಲುಕಂಬ ಅವರೇ, ನೀವು ಹೇಳಿದ ಜಾಗದಲ್ಲೇ ನಿಂತೆವು. ಯಜಮಾನರು ಹೆಜ್ಜೆ ಎಣಿಸುತ್ತಾ ಹೊರಟರು, ಬೀದಿಯ ಮಧ್ಯೆ ಬೆಕ್ಕು ಅಡ್ಡ ಬಂದು ಲೆಕ್ಕ ತಪ್ಪಿತು. ವಾಪಸ್ ಬಂದು ಮೊದಲಿಂದ ಎಣಿಸಿದರು. ಇನ್ನೂರ ಐವತ್ತರ ಮೇಲೆ ಬಂತು. ಮೊಣಕಾಲಿನ ಸುದ್ದಿಯೇ ಇಲ್ಲ ಆವತ್ತು.

ಸುರಂಗದಲ್ಲಿ ನಾನು ಹೆದರಿದೆ, ಸುಳ್ಳು ಯಾಕೆ. ಹೊರಗೆ ಸೆಖೆ, ಒಳಗೆ ಬೆವರು ತಣ್ಣಗಾಗಿ ಬೆನ್ನಿಗೆ ಅಂಟಿತು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಆಚೆ ಬಾಯಿ ರೂಪಾಯಿ ನಾಣ್ಯದಷ್ಟು ಕಾಣುತ್ತಿತ್ತು, ಎಷ್ಟು ತುಳಿದರೂ ದೊಡ್ಡದಾಗಲಿಲ್ಲ. ಹೊರಗೆ ಬಂದ ಕೂಡಲೇ ಇಳಿಜಾರು, ದ್ರಾಕ್ಷಿ ತೋಟ, ದೂರದಲ್ಲಿ ಹಡಗಿನ ಮೂತಿ ಥರ ಸೊಲುತ್ರೆ ಬಂಡೆ. ಮಿತ್ತೆರಾಂ ಫ್ರಾನ್ಸಿನ ಅಧ್ಯಕ್ಷರಾಗಿದ್ದಾಗಲೂ ವರ್ಷಕ್ಕೊಮ್ಮೆ ಅದನ್ನು ಹತ್ತುತ್ತಿದ್ದರಂತೆ. ನಾವು ಕೆಳಗಿಂದಲೇ ಕೈ ಮುಗಿದೆವು.

ಓತಾಂ, ಬೋವ್ರೆ ಆಗಲಿಲ್ಲ. ಕಾಡುಹಾದಿ ಅವರು ಕ್ಷಮಿಸಬೇಕು. ಆ ದಿನ ತೂರ್ನುವಿನಲ್ಲಿ ಮಳೆ, ಸೇಂ ಫಿಲಿಬೆರ್ ಚರ್ಚಿನೊಳಗೆ ಮೂರು ಗಂಟೆ ಕೂತಿದ್ದೆವು. ಕೆಂಪು ಕಲ್ಲಿನ ದುಂಡು ಕಂಬಗಳು, ಮಳೆ ಸದ್ದು, ಯಾರೋ ಆರ್ಗನ್ ಅಭ್ಯಾಸ ಮಾಡುತ್ತಿದ್ದರು. ಎದ್ದು ಬರಲು ಮನಸ್ಸಾಗಲಿಲ್ಲ.

ಕಾಡುಹಾದಿ

ಕ್ಷಮೆ ಯಾಕೆ, ಮೇಡಂ? ಬೋವ್ರೆ ಎಲ್ಲೂ ಹೋಗುವುದಿಲ್ಲ. ಮಗಳ ಕೋರ್ಸ್ ಇನ್ನೂ ಎಷ್ಟು ವರ್ಷ?

ಮೊದಲಸವಾರಿ

ಒಂದೂವರೆ. ಮುಂದಿನ ಸಲ ಮೇ ತಿಂಗಳು ಅಂತ ಮಾತಾಗಿದೆ.

ಹಳೇಪೆಡಲ್

ಎಲ್ಲಾ ಸರಿ. ಆ ದಪ್ಪ ವಾಲ್ವಿನ ಟ್ಯೂಬು ಏನು ಮಾಡಿದಿರಿ? ವಾಪಸ್ ಮುಖಕ್ಕೆ ಹೊಡೆದು ಬಂದಿರಾ?

ಮೊದಲಸವಾರಿ

ಇಲ್ಲ ಸರ್. ಸೈಕಲ್ ವಾಪಸ್ ಮಾಡುವಾಗ ಪಂಕ್ಚರ್ ಆಯಿತು ಅಂತ ಹೇಳಿದ್ದಕ್ಕೆ ಆ ಟ್ಯೂಬಿಗೂ ದುಡ್ಡು ಹಿಡಿದರು. ದುಡ್ಡು ಕೊಟ್ಟ ಮೇಲೆ ಬಿಡುತ್ತಾರಾ ನಮ್ಮವರು, ಮೈಸೂರಿಗೆ ತಂದಿದ್ದಾರೆ. ಅಟ್ಟದ ಮೇಲಿದ್ದ ಮಾವನವರ ಹಳೇ ಸೈಕಲ್ ಇಳಿಸಿ ಹಾಕಿ ನೋಡಿದರು. ವಾಲ್ವು ಸರಿಯಾಗಿ ಕೂತಿದೆ. ಮೊನ್ನೆಯಿಂದ ಅದರಲ್ಲೇ ಹಾಲು ತರಲು ಹೋಗುತ್ತಿದ್ದಾರೆ.